ಆರನೇ ಟ್ರ್ಯಾಕಿಗೆ ಜವಾಬು

ನನ್ನ ಆಲ್ಬಮ್ಮಿಗೆ ಬಂದ ಮೊದಲ ವಿಮರ್ಶೆ ಬಾಗಲಕೋಟೆಯ ನವನಗರದ ನಮ್ಮ ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರರದು. ಒಂಬತ್ತೂ ಟ್ರ್ಯಾಕುಗಳನ್ನು ನಮ್ಮ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ಪೂರ್ತಿ ಕೇಳಿದರು. ಮುಗಿದ ಮೇಲೆ ಕಣ್ಣು ಬಿಟ್ಟು, “ಮ್ಯೂಸಿಕ್ ಭಾಳ ಛಲೋ ಐತ್ರಿ. ಹಾಡು ಯಾವಾಗ ಚಾಲೂ ಆಕ್ಕೈತಿ?” ಅಂತ ಕೇಳಿದರು.

ಅವರ ತಪ್ಪೇನಿಲ್ಲ. ಒಂಬತ್ತರಲ್ಲಿ ದನಿ ಇದ್ದದ್ದು ಒಂದರಲ್ಲಿ, ಅದೂ ಒಂದೇ ಸಾಲು. ಪುಣೆಯಲ್ಲಿ ಹದಿನೈದು ವರ್ಷ ನಾನಿದ್ದ ರಾಕ್ ಬ್ಯಾಂಡಿನಲ್ಲೂ ಜನ ಕಾಯುತ್ತಿದ್ದದ್ದು ಹಾಡಿಗೇ. ನಾವು ನಾಲ್ಕು ಮಂದಿ. ಹಾಡುವವನು ಮುಂದೆ, ನಾನು ಗಿಟಾರ್ ಹಿಡಿದು ಅವನ ಎಡಕ್ಕೆ. ಎರಡು ಚರಣಗಳ ನಡುವೆ ಅವನು ನೀರು ಕುಡಿಯುವಷ್ಟು ಹೊತ್ತು ನನ್ನ ಸೋಲೋ. ಚಪ್ಪಾಳೆ ಬೀಳುತ್ತಿತ್ತು. ಅದು ನನ್ನ ಬೆರಳಿಗೋ, ಅವನು ಬಾಟಲಿ ಕೆಳಗಿಟ್ಟು ಮೈಕಿನ ಕಡೆ ತಿರುಗಿದ್ದಕ್ಕೋ, ಹದಿನೈದು ವರ್ಷದಲ್ಲಿ ತಿಳಿಯಲಿಲ್ಲ. ಕೊನೆಗೆ ಎತ್ತು ಏರಿಗೆ ಕೋಣ ನೀರಿಗೆ ಆಗಿ ಬ್ಯಾಂಡ್ ಮುರಿಯಿತು. ನಾನು ಎರಡು ಗಿಟಾರು, ಒಂದು ಆಂಪ್ಲಿಫೈಯರ್ ಹೊತ್ತುಕೊಂಡು ಬಾಗಲಕೋಟೆಗೆ ಬಂದೆ. ಹೆಂಡತಿ ಇಲ್ಲೇ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ತಿಂಗಳಿಗೊಮ್ಮೆ ಬಂದು ಹೋಗುವ ಗಂಡ ಅವಳಿಗೂ ಸಾಕಾಗಿದ್ದ.

ಬಂದಮೇಲೆ ಒಂದು ಕುತೂಹಲ ಬೆನ್ನು ಹತ್ತಿತು. ಹಾಡುವವನನ್ನು ತೆಗೆದುಬಿಟ್ಟರೆ ನನ್ನಲ್ಲಿ ಏನು ಉಳಿದೀತು? ನೀರು ಕುಡಿಯುವಷ್ಟು ಹೊತ್ತಲ್ಲ, ನಲವತ್ತು ನಿಮಿಷ ನಾನೊಬ್ಬನೇ ಬಾರಿಸಿದರೆ ಯಾರಾದರೂ ಕೂತಾರೇ? ನೋಡಿಯೇ ಬಿಡೋಣ ಅಂತ ಹಿಂದಿನ ಕೋಣೆಯನ್ನು ಸ್ಟುಡಿಯೋ ಮಾಡಿದೆ. ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಪರಿಹಾರವಾಗಿ ಸಿಕ್ಕ ಸೈಟಿನಲ್ಲಿ ಕಟ್ಟಿದ ಕಾಂಕ್ರೀಟ್ ಮನೆ, ಕೆಮ್ಮಿದರೂ ಎರಡು ಸಲ ಕೇಳುತ್ತದೆ. ಸದ್ದು ಹೀರಲಿ ಅಂತ ನಾಲ್ಕೂ ಗೋಡೆಗೆ ಕರಿ ಕಂಬಳಿ ತೂಗುಹಾಕಿದೆ, ಒಟ್ಟು ಏಳು. ಹೆಂಡತಿ ಬಾಗಿಲಲ್ಲಿ ನಿಂತು ಎಣಿಸಿದಳು. “ಲಗ್ನ ಆಗಿ ಇಷ್ಟು ವರ್ಷ ಆತು, ನನಗೊಂದು ಚಾದರ ತಂದಾಂವಲ್ಲ. ಗೋಡಿ ಪುಣ್ಯ ಮಾಡಿದ್ವು,” ಅಂದಳು.

ಐದು ಟ್ರ್ಯಾಕು ಹೇಗೋ ಆದವು. ಆರನೆಯದು ಏನು ಮಾಡಿದರೂ ಏಳಲಿಲ್ಲ. ಬಾರಿಸಿದ್ದೆಲ್ಲ ಎಲ್ಲೋ ಕೇಳಿದಂತೆಯೇ ಇರುತ್ತಿತ್ತು. ಒಂದು ಮಧ್ಯಾಹ್ನ ಹಳೇ ಫೋನು ಕೆದಕುವಾಗ ಮರೆತೇಹೋಗಿದ್ದ ಒಂದು ರೆಕಾರ್ಡಿಂಗ್ ಸಿಕ್ಕಿತು.

ಎಂಟು ವರ್ಷದ ಹಿಂದೆ ಊರಿಗೆ ಬಂದಿದ್ದಾಗ ಇಳಕಲ್ಲಿನಿಂದ ಹುನಗುಂದಕ್ಕೆ ಬೈಕಿನಲ್ಲಿ ಬರುತ್ತಿದ್ದೆ, ದಾರಿಯಲ್ಲಿ ಪಂಕ್ಚರ್ ಆಯಿತು. ಪಂಕ್ಚರ್ ತಿದ್ದುವ ಅಂಗಡಿಯ ಎದುರಿಗೇ ಬೀರಪ್ಪನ ಗುಡಿ. ಗುಡಿಯ ಮುಂದೆ ಎರಡು ಮೇಳಗಳು ಎದುರುಬದುರು ನಿಂತು ಡೊಳ್ಳಿನ ಪದ ಹಾಡುತ್ತಿದ್ದವು. ಹಿಂದಿನ ಸಂಜೆ ಶುರುವಾದದ್ದು ಬೆಳಗಿನ ಹತ್ತಾದರೂ ಮುಗಿದಿರಲಿಲ್ಲ. ಒಬ್ಬ ಮುದುಕ ಕಿವಿಗೆ ಕೈ ಹಚ್ಚಿ ಒಂದು ಸಾಲು ಎತ್ತಿದ:

ಕಂಬಳಿ ಹುಟ್ಟೂ ಮೊದಲ ಚಳಿ ಎಲ್ಲಿತ್ತೋ ತಮ್ಮಾ,
ಹೇಳಿ ಮುಂದಕ ಹೋಗೋ.

ಬೆಳತನಕ ಹಾಡಿ ಗಂಟಲು ಹರಿದಿತ್ತು. ಆದರೂ “ಚಳಿ” ಅನ್ನುವಲ್ಲಿ ದನಿ ಒಂದು ಕಡೆಗೆ ವಾಲಿ ನಿಂತು, ಆಮೇಲೆ ಇಳಿಯಿತು. ಗಿಟಾರಿನಲ್ಲಿ ತಂತಿ ಎಳೆದು ಹಿಡಿದು ನಾನು ಎಷ್ಟೋ ವರ್ಷ ಹುಡುಕಿದ ಜಾಗ ಅದು. ಫೋನ್ ತೆಗೆದು ರೆಕಾರ್ಡ್ ಮಾಡಿದೆ. ಮುದುಕ ಅದೇ ಸಾಲನ್ನು ಮತ್ತೆ ಹಾಡಿದ. ಅಷ್ಟರಲ್ಲಿ ಪಂಕ್ಚರ್ ತಿದ್ದಿದ್ದು ಆಯಿತು ಅಂತ ಕೂಗಿದರು, ನಾನು ಬೈಕ್ ಹತ್ತಿ ಹೊರಟುಬಿಟ್ಟೆ.

ಆ ಸಾಲನ್ನು ಕತ್ತರಿಸಿ, ಸ್ವಚ್ಛ ಮಾಡಿ, ಆರನೇ ಟ್ರ್ಯಾಕಿನಲ್ಲಿ ಹಾಕಿದೆ. ಮುದುಕನ ದನಿ, ನನ್ನ ಗಿಟಾರ್. ಮತ್ತೆ ಮುದುಕನ ದನಿ, ಮತ್ತೆ ಗಿಟಾರ್. ಹೀಗೆ ಹದಿನಾರು ಸಲ. ಪ್ರತಿ ಸಲ ಗಿಟಾರಿನ ಗದ್ದಲ ಏರುತ್ತ ಹೋಗುತ್ತದೆ. ಹದಿನಾರನೆಯದಕ್ಕೆ ಆಂಪ್ಲಿಫೈಯರ್ ಅರಚಿ ಎಲ್ಲ ನಿಲ್ಲುತ್ತದೆ. ಕೊನೆಗೆ ವಿವರ ಬರೆಯುವಾಗ “ಸಂಗೀತ, ಗಿಟಾರ್, ಧ್ವನಿಮುದ್ರಣ” ಎಲ್ಲದರ ಮುಂದೆ ನನ್ನ ಹೆಸರು ಹಾಕಿಕೊಂಡೆ. ಮುದುಕನ ಸಾಲಿನ ಮುಂದೆ ಏನು ಬರೆಯಬೇಕೋ ತೋಚದೆ “ಸಾಂಪ್ರದಾಯಿಕ” ಅಂತ ಬರೆದೆ. ಹಾಗೆ ಬರೆಯುವಾಗ ಒಂದಿಷ್ಟೂ ನಾಚಿಕೆ ಆಗಲಿಲ್ಲ ಅನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಆಲ್ಬಮ್ ಇಂಟರ್ನೆಟ್ಟಿನಲ್ಲಿ ಬಂತು. ಬ್ಯಾಂಡಿನ ಹಾಡುಗಾರ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿದ, ಅದರಾಚೆ ಒಂದಕ್ಷರವಿಲ್ಲ. ಮುಂಬೈಯ ಒಂದು ಸಂಗೀತ ಪತ್ರಿಕೆ ಫೋನಿನಲ್ಲಿ ನಾಲ್ಕು ಮಾತು ಕೇಳಿ ವಿಮರ್ಶೆ ಬರೆಯಿತು. ಉಳಿದ ಎಂಟು ಟ್ರ್ಯಾಕುಗಳನ್ನು ಎರಡು ಸಾಲಿನಲ್ಲಿ ಮುಗಿಸಿ, ಆರನೆಯದಕ್ಕೆ ಎರಡು ಪ್ಯಾರಾ ಕೊಟ್ಟಿದ್ದರು. ಮಣ್ಣಿನ ಜೊತೆ ಮಾತಾಡುವ ಗಿಟಾರ್ ಅಂತೆ. ನಿಗೂಢ ಮಂತ್ರ ಅಂತೆ. ಹೆಂಡತಿ ಓದಿ, “ಮಂತ್ರ ಎಲ್ಲೈತ್ರಿ ಇದರಾಗ? ಆ ಅಜ್ಜ ಏನೋ ಪ್ರಶ್ನೆ ಕೇಳಾಕತ್ತಾನಲ,” ಅಂದಳು. ಗಣಿತದವಳಿಗೆ ಎಲ್ಲವೂ ಪ್ರಶ್ನೆಯೇ ಅಂತ ನಾನು ನಕ್ಕೆ.

ಒಳಗೆ ಮಾತ್ರ ನಗು ಇರಲಿಲ್ಲ. ನಾನೊಬ್ಬನೇ ನಿಲ್ಲಬಲ್ಲೆನೇ ಅಂತ ನೋಡಲು ಮಾಡಿದ ಆಲ್ಬಮ್ಮಿನಲ್ಲಿ ಜನ ಮೆಚ್ಚಿದ್ದು ಇನ್ನೊಬ್ಬನ ದನಿಯನ್ನು. ಪುಣೆಯ ಹಾಡುಗಾರನನ್ನು ಬಿಟ್ಟು ಬಂದು ಹುನಗುಂದದ ಹಾಡುಗಾರನ ಎಡಕ್ಕೆ ನಿಂತಿದ್ದೆ. ಅಳಿಯ ಅಲ್ಲ, ಮಗಳ ಗಂಡ.

ಆಮೇಲೆ ಆ ಕಮೆಂಟು ಬಂತು. ಆರನೇ ಟ್ರ್ಯಾಕಿನ ಕೆಳಗೆ, ಇಳಕಲ್ ಸೀರೆಯ ಕೆಂಪು ಸೆರಗಿನ ಚಿತ್ರವಿದ್ದ ಖಾತೆಯಿಂದ, ಎರಡೇ ಪದ: “ಜವಾಬ್ ಯಾವಾಗ?” ಒಂದು ವಾರ ಬಿಟ್ಟು ಮತ್ತೆ ಅದೇ. ಮೂರನೇ ವಾರ, “ಜವಾಬ್ ಯಾವಾಗ ಕೊಡ್ತೀರಿ?” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಯಾರ ಪತ್ರಕ್ಕೆ ಉತ್ತರ ಬರೆಯದೆ ಬಿಟ್ಟೆ ಅಂತ ಎರಡು ದಿನ ಹುಡುಕಿದೆ. ಕೊನೆಗೆ “ಯಾವ ಪ್ರಶ್ನೆಗೆ?” ಅಂತ ಬರೆದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: “ಅದರಾಗ ನಮ್ಮಪ್ಪ ಕೇಳಿದ ಪ್ರಶ್ನೆಗೆ. ಅಪ್ಪ ದಿನಾ ಕಾಯಾಕತ್ತಾನ. ಇಳಕಲ್ಲಿಗೆ ಬರ್ರಿ.”

ಬೈಸಿಕೊಳ್ಳಲು ಹೋಗುತ್ತಿದ್ದೇನೆ ಅಂತ ಗೊತ್ತಿತ್ತು. ಆದರೆ ನನ್ನ ಆಲ್ಬಮ್ಮನ್ನು ದಿನಾ ಕೇಳುವವನ ಮುಖ ನೋಡುವ ಆಸೆ ಭಯಕ್ಕಿಂತ ದೊಡ್ಡದಿತ್ತು. ಮರು ಭಾನುವಾರ ಕಾರು ತೆಗೆದೆ.

ಮನೆ ಮಗ್ಗದ ಓಣಿಯಲ್ಲಿತ್ತು. ಪಡಸಾಲೆಯಲ್ಲಿ ಕುಣಿಮಗ್ಗ, ಅದರ ಮುಂದೆ ನಲವತ್ತರ ಆಸುಪಾಸಿನ ಮಗಳು. ಹಗಲು ಸೀರೆ ನೇಯುತ್ತಾಳೆ, ಅಪ್ಪನ ಮೇಳದಲ್ಲಿ ಹಾಡುತ್ತಾಳೆ. ಗೋಡೆಗೆ ಡೊಳ್ಳು ತೂಗುಹಾಕಿತ್ತು. ಅದರ ಕೆಳಗೆ ಕಂಬಳಿ ಹಾಸಿಕೊಂಡು ಮುದುಕ ಕೂತಿದ್ದ. ಹಿಂದೆ ಕುರಿ ಕಾದು, ಆಮೇಲೆ ಕಲ್ಲಿನ ಕ್ವಾರಿಯಲ್ಲಿ ದುಡಿದ ದೊಡ್ಡ ಕೈಗಳು. ಬಲಗೈಯಲ್ಲಿ ದಪ್ಪನೆಯ ಬೆಳ್ಳಿ ಖಡೆ. ಗುರುತು ಹೇಳಿದೆ. ಕೂಡಲೇ ಕೇಳಿದ:

“ಸಾಂಪ್ರದಾಯಿಕ ಅಂತ ಬರದೀಯಂತಲ, ಹಂಗಂದ್ರೇನು?”

“ಹಿಂದಿನವ್ರು ಮಾಡಿದ್ದು, ಯಾರು ಅಂತ ಗೊತ್ತಿಲ್ಲದ್ದು ಅಂತರೀ,” ಅಂದೆ.

“ನಾ ಇನ್ನೂ ಅದೇನಲೋ.”

ಮಗಳು ಮಗ್ಗದಲ್ಲೇ ನಕ್ಕಳು. ನಾನು ತಪ್ಪಾಯಿತು ಅಂದೆ, ಅದನ್ನು ತೆಗೆಸಿ ಹೆಸರು ಹಾಕಿಸುತ್ತೇನೆ ಅಂದೆ. ಮುದುಕ ಅದು ದೊಡ್ಡ ಮಾತಲ್ಲ ಅನ್ನುವಂತೆ ಕೈ ಬೀಸಿದ. ಅವನ ಚಿಂತೆ ಬೇರೆಯಿತ್ತು.

“ಸವಾಲ್ ಆದಮ್ಯಾಲೆ ಬರೂದು ಜವಾಬು. ನನ್ನ ಪ್ರಶ್ನಿ ಮುಗದ ಕೂಡಲೆ ನಿನ್ನ ತಂತಿ ಬರತೈತಿ. ಎದುರ ಮೇಳದವ್ರು ಉತ್ತರ ಹುಡುಕಿ, ನಿನ್ನ ಕಡೆಯಿಂದ ತಂತಿಯೊಳಗ ಹೇಳಿ ಕಳಿಸ್ಯಾರ ಅಂದ್ಕೊಂಡೆ. ಇಕಿ ಫೋನಿನಾಗ ದಿನಾ ಕೇಳೀನಿ. ಮುಂಜಾನಿ ಕೇಳೀನಿ, ಉಂಡು ಕೇಳೀನಿ. ಏನೋ ಹೇಳಾಕತ್ತಾನ, ನನಗ ತಿಳೀವಲ್ದು. ಏನು ಹೇಳೀದಿ ನೀ?”

ನನ್ನ ಜೀವಮಾನದಲ್ಲಿ ಯಾರೂ ನನ್ನ ಗಿಟಾರನ್ನು ಹೀಗೆ ಕೇಳಿರಲಿಲ್ಲ. ಒಂದೊಂದು ಸ್ವರಕ್ಕೂ ಅರ್ಥ ಇರಲೇಬೇಕು ಅಂತ ನಂಬಿ ಕೇಳಿದವನು ಇವನೊಬ್ಬನೇ. ಅವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಏನೂ ಹೇಳಿಲ್ರಿ. ಸುಮ್ನ ಬಾರ್ಸೀನಿ.”

ಮುದುಕ ಖಡೆಯನ್ನು ಮಣಿಕಟ್ಟಿನಲ್ಲಿ ತಿರುಗಿಸುತ್ತ ಮಾತಾಡಿದ. ಡೊಳ್ಳಿನ ಪದದಲ್ಲಿ ಒಂದು ರಿವಾಜು ಇದೆಯಂತೆ. ಒಂದು ಮೇಳ ಪ್ರಶ್ನೆಯನ್ನು ಮೂರು ಸಲ ಹಾಡುತ್ತದೆ. ಮೂರನೆಯದು ಮುಗಿದು ಡೊಳ್ಳಿಗೆ ಪೆಟ್ಟು ಬೀಳುವುದರೊಳಗೆ ಎದುರಿನವರು ಉತ್ತರ ಹಾಡಬೇಕು, ಇಲ್ಲದಿದ್ದರೆ ಸೋತಂತೆ. ನಾನು ಬೈಕ್ ಹತ್ತಿದ ಆ ಬೆಳಿಗ್ಗೆ ಎದುರು ಮೇಳದ ಹಿರಿಯ ಮೂರಕ್ಕೂ ಸುಮ್ಮನಿದ್ದ. ಗೆದ್ದ ಮೇಳದ ಹಿರಿಯನಿಗೆ ಸಲ್ಲುವ ಆ ಖಡೆ ಇವನ ಕೈಗೆ ಬಂತು.

“ಆ ಪ್ರಶ್ನಿ ನನ್ನ ಗುರು ಕೊಟ್ಟಿದ್ದು. ಉತ್ತರ ಕೊಡೂದ್ರಾಗ ಸತ್ತು ಹ್ವಾದ. ನನಗ ಉತ್ತರ ಗೊತ್ತಿಲ್ಲ. ಅವತ್ತ ಕೈಯಾಗಿನ ಪ್ರಶ್ನಿ ಎಲ್ಲಾ ತೀರಿದ್ವು, ಸೋಲೂ ಹೊತ್ತು. ನೋಡೂಣು ಅಂತ ಒಗದೆ.”

ಮಗ್ಗದ ಸದ್ದು ನಿಂತಿತು. ಮಗಳಿಗೂ ಈ ಮಾತು ಹೊಸದು.

“ಬರೂ ಅಮಾಸಿಗೆ ಮೇಳ ಇಕಿಗೆ ಒಪ್ಪಸ್ತೇನಿ, ಖಡೆನೂ ಇಕಿಗೇ,” ಅಂದ ಮುದುಕ, ಮಗಳ ಕಡೆ ನೋಡದೆ. “ಉತ್ತರ ಗೊತ್ತಿಲ್ಲದ ಪ್ರಶ್ನಿಲೆ ಗೆದ್ದದ್ದನ್ನ ಮಗಳ ಕೈಯಾಗ ಹೆಂಗ ಹಾಕಲಿ? ನಿನ್ನ ತಂತಿ ಕೇಳಿ ಜೀವ ಬಂದಿತ್ತು. ಉತ್ತರ ಸಿಗತೈತಿ, ಸೋತ್ರ ಸೋಲ್ತೇನಿ, ಮನಸ್ಸು ಹಗರ ಆಗತೈತಿ ಅಂತ.”

ಒಬ್ಬ ಮನುಷ್ಯನ ಮರ್ಯಾದೆಯ ಮಾತು ಅದು, ನಾನು ಅದನ್ನು ಹದಿನಾರು ಸಲ ತಿರುಗಿಸಿ ಅಲಂಕಾರ ಮಾಡಿಕೊಂಡಿದ್ದೆ.

ಮಗಳು ಮಗ್ಗದ ಕುಣಿಯಿಂದ ಎದ್ದು ಬಂದಳು. ಸಿಟ್ಟೋ ದುಃಖವೋ ಮುಖದಲ್ಲಿ ತಿಳಿಯಲಿಲ್ಲ. “ಎದುರ ಮೇಳದ ಆ ಕಾಕಾ ಮಹಾಕೂಟದಾಗ ಕಾಯಿ ಮಾರ್ತಾನ. ನಡೀ, ಹೋಗಿ ಖರೆ ಹೇಳಿ ಖಡೆ ಕೊಟ್ಟು ಬರೂಣು,” ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ಕಾರ್ ತಂದೀರಲ್ರಿ?” ಅಂದಳು.

ಹುನಗುಂದ, ಅಮೀನಗಡ, ಐಹೊಳೆ, ಪಟ್ಟದಕಲ್ಲು. ದಾರಿಯುದ್ದಕ್ಕೂ ಮುದುಕ ಮುಂದಿನ ಸೀಟಿನಲ್ಲಿ ಕಂಬಳಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಮೀನಗಡದಲ್ಲಿ ಮಗಳು ಇಳಿದು ಕರದಂಟು ಕಟ್ಟಿಸಿಕೊಂಡಳು. ಸೋಲೊಪ್ಪಿಕೊಳ್ಳಲು ಹೋಗುವಾಗಲೂ ಬರಿಗೈಯಲ್ಲಿ ಹೋಗಬಾರದಂತೆ. ನಾನು ಮುದುಕನನ್ನು ಕೇಳಿದೆ: ಉಳಿದಂತೆ ನನ್ನ ಗಿಟಾರ್ ಹೇಗಿದೆ? ಕೇಳಬಾರದ ಹೊತ್ತು ಅದು. ಕೇಳದೆ ಇರಲಾಗಲಿಲ್ಲ.

“ಕೈ ಛಲೋ ಐತಿ,” ಅಂದ. “ಆದ್ರ ಪ್ರಶ್ನಿ ಮೂರು ಸಲ ಕೇಳಬೇಕು. ಹದಿನಾರು ಸಲ ಕೇಳಿದ್ರ ಭಿಕ್ಷಾ ಬೇಡಿದಂಗ ಆಗತೈತಿ.” ಮುಂಬೈಯವರ ಎರಡು ಪ್ಯಾರಾದಲ್ಲಿ ನನಗೆ ಈಗ ಒಂದೆರಡು ಪದದಾಚೆ ನೆನಪಿಲ್ಲ. ಇದು ನೆನಪಿದೆ.

ಮಹಾಕೂಟದ ಹೊಂಡದಲ್ಲಿ ಜನ ಮುಳುಗಿ ಏಳುತ್ತಿದ್ದರು. ಹೊರಗೆ ಮರದ ಕೆಳಗೆ ತೆಂಗಿನಕಾಯಿ ಗುಡ್ಡೆ ಹಾಕಿಕೊಂಡು ಆ ಹಿರಿಯ ಕೂತಿದ್ದ. ಇವನಷ್ಟೇ ವಯಸ್ಸು, ಇನ್ನೂ ತೆಳ್ಳಗೆ.

“ಏನಲೇ, ಇನ್ನೂ ಅದೀ?”

“ಅದೇನಿ. ನೀ?”

“ಗಿರಾಕಿ ಬಿಡಾಕ ತಯಾರಿಲ್ಲ.”

ಕೂತರು. ಕರದಂಟು ಬಿಚ್ಚಿದರು. ನನ್ನ ಮುದುಕ ಸುತ್ತುಬಳಸಿ ಮಾತಾಡುವವನಲ್ಲ. ಪ್ರಶ್ನೆ ಗುರುವಿನದು, ಉತ್ತರ ತನಗೂ ಗೊತ್ತಿರಲಿಲ್ಲ, ಖಡೆ ತನ್ನದಲ್ಲ ಅಂತ ಮೂರು ಮಾತಿನಲ್ಲಿ ಹೇಳಿ ಮುಗಿಸಿದ. ಮಗಳು ಅಪ್ಪನ ಬೆನ್ನಿನ ಹಿಂದೆ ನಿಂತು ನೆಲ ನೋಡುತ್ತಿದ್ದಳು. ಕಾಯಿಯ ಮುದುಕ ಬಾಯಲ್ಲಿದ್ದ ಕರದಂಟು ನುಂಗಿದ.

“ನನಗ ಗೊತ್ತಿತ್ತು,” ಅಂದ.

“ಏನು ಗೊತ್ತಿತ್ತು?”

“ಉತ್ತರ. ಅವತ್ತ, ಅಲ್ಲೇ ನಿಂತಾಗ ಹೊಳೀತು.”

“ಮತ್ಯಾಕ ಹಾಡಲಿಲ್ಲ?”

ಅವನು ಒಂದು ಕಾಯಿ ಎತ್ತಿಕೊಂಡು ಅದರ ಜುಟ್ಟು ಕೀಳುತ್ತ ಹೇಳಿದ. “ಬೆಳತನಕ ಹಾಡಿ ನಿನ್ನ ದನಿ ಒಡದಿತ್ತು. ಒಡದ ದನೀಲೆ ಆ ಚಳಿ ಅನ್ನೂ ಮಾತು ಎತ್ತಿದಿಯಲ್ಲ, ಮೈ ಜುಂ ಅಂತು. ಇನ್ನೊಮ್ಮೆ ಕೇಳಬೇಕನಿಸ್ತು. ಉತ್ತರ ಹೇಳಿದ್ರ ನೀ ನಿಲ್ಲಸ್ತಿದ್ದಿ. ಸುಮ್ನಿದ್ದೆ. ಎರಡನೇದು ಕೇಳಿದೆ. ಇನ್ನೊಂದು ಐತೆಲ್ಲ ಅಂತ ಅದನ್ನೂ ಕೇಳಿದೆ. ಅಷ್ಟರಾಗ ಡೊಳ್ಳಿಗೆ ಪೆಟ್ಟು ಬಿತ್ತು.”

ನನ್ನ ಮುದುಕ ನಕ್ಕಾನು ಅಂದುಕೊಂಡೆ. ಅವನು ಸಿಟ್ಟಾದ. “ಎಂಟು ವರ್ಷ, ಲೇ. ಎಂಟು ವರ್ಷ ಈ ಖಡೆ ನನ್ನ ಕಡದೈತಿ. ಒಂದು ಮಾತು ಹೇಳಿ ಕಳಸಾಕ ಆಗಲಿಲ್ಲ ನಿನಗ?”

“ನೀ ಗೆದ್ದ ಖುಷಿಯಾಗ ಇರ್ತಿ ಅಂದ್ಕೊಂಡೆ. ನಿನಗ ಉತ್ತರ ಗೊತ್ತಿಲ್ಲಂತ ನನಗೇನು ಕನಸ ಬಿದ್ದಿತ್ತ?”

ನಾನು ಒಂದು ಕಡೆ ಕೂತು ಕೇಳುತ್ತಿದ್ದೆ. ಆ ಸಾಲನ್ನು ಹದಿನಾರು ಸಲ ಯಾಕೆ ಹಾಕಿದಿರಿ ಅಂತ ಮುಂಬೈಯವರು ಕೇಳಿದಾಗ ನಾನು ಲಯ, ಪದರು, ವಿನ್ಯಾಸ ಅಂತ ಏನೇನೋ ಹೇಳಿದ್ದೆ. ಖರೆ ಕಾರಣ ಈ ಕಾಯಿ ಮಾರುವ ಮುದುಕ ಹೇಳಿದ್ದೇ. ನನಗೂ ಇನ್ನೊಮ್ಮೆ ಕೇಳಬೇಕನ್ನಿಸಿತ್ತು, ಅಷ್ಟೆ. ಅವನು ಅದಕ್ಕಾಗಿ ಖಡೆ ಬಿಟ್ಟುಕೊಟ್ಟ, ನಾನು ನನ್ನ ಹೆಸರು ಹಾಕಿಕೊಂಡೆ.

“ಈಗ ಹೇಳು ಹಂಗಾರ,” ಅಂದ ನನ್ನ ಮುದುಕ.

ಕೈ ತನ್ನಷ್ಟಕ್ಕೆ ಫೋನಿನ ಕಡೆ ಹೋಯಿತು. ತಡೆದು, “ರೆಕಾರ್ಡ್ ಮಾಡ್ಲೇನ್ರಿ?” ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ಕೇಳಿ ಮಾಡಿದ್ದು ಅದೇ ಮೊದಲು.

“ಮಾಡು. ಆದ್ರ ಮುಗಿಯೂತನ ಕುಂಡ್ರು,” ಅಂದ ಕಾಯಿಯ ಮುದುಕ. ನನ್ನ ಕಥೆ ಅವನಿಗಿನ್ನೂ ಯಾರೂ ಹೇಳಿರಲಿಲ್ಲ.

ಕಾಯಿ ಕೆಳಗಿಟ್ಟು, ಕಿವಿಗೆ ಕೈ ಹಚ್ಚಿ ಹಾಡಿದ:

ಎಲ್ಲಾರ ಮೈಮ್ಯಾಲಿತ್ತೋ ಅಣ್ಣಾ, ಯಾರಿಗೂ ತಿಳಿದಿಲ್ಲೋ,
ಒಬ್ಬ ಹೊತ್ತ ಕಂಬಳಿ, ಉಳಿದವರಿಗೆ ಚಳಿ ಹತ್ತಿತೋ.

ಕಾಯಿ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಹಾಗೇ ನಿಂತಳು. ನನ್ನ ಮುದುಕ ತಲೆ ಬಗ್ಗಿಸಿ ಕೇಳಿದ. ಇದೇ ತನ್ನ ಗುರುವಿನ ಉತ್ತರವೋ ಅಲ್ಲವೋ ಅಂತ ಹೇಳಲು ಈಗ ಲೋಕದಲ್ಲಿ ಯಾರೂ ಇಲ್ಲ. ಅವನು ಅದನ್ನು ಕೇಳಲೂ ಇಲ್ಲ.

“ಇನ್ನೊಮ್ಮೆ ಹಾಡು,” ಅಂದ.

ಹಾಡಿದ.

“ಇನ್ನೊಂದು ಐತಿ.”

ಮೂರನೆಯದೂ ಆಯಿತು. ಮುದುಕ ಅಂಗೈಯಿಂದ ತನ್ನ ತೊಡೆಗೆ ಜೋರಾಗಿ ಒಂದು ಪೆಟ್ಟು ಕೊಟ್ಟ, ಡೊಳ್ಳಿಗೆ ಕೊಡುವ ಹಾಗೆ. ಆಮೇಲೆ ಖಡೆ ತೆಗೆದು ಕಾಯಿ ಗುಡ್ಡೆಯ ಮೇಲಿಟ್ಟ. ಕಾಯಿಯ ಮುದುಕ ಅದನ್ನು ಹಾಕಿಕೊಂಡ ಮೇಲೆ ಮಗಳು ಹತ್ತಿರ ಬಂದಳು. ಮುಖ ತಿಳಿಯಾಗಿತ್ತು.

“ಕಾಕಾ, ಬರೂ ವರ್ಷ ಪ್ರಶ್ನಿ ನಾ ಕೇಳ್ತೇನಿ. ನನ್ನ ದನಿ ಕೇಳ್ಕೋಂತ ಕುಂತ್ರ ಮತ್ತ ಹೊಕ್ಕೈತಿ ನೋಡು ಆ ಖಡೆ.”

“ಉತ್ತರ ಇಟ್ಕೊಂಡು ಕೇಳವಾ,” ಅಂದ ಕಾಕಾ.

ತಿರುಗಿ ಬರುವಾಗ ಮುದುಕ ಖಾಲಿ ಮಣಿಕಟ್ಟನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಪಟ್ಟದಕಲ್ಲು ದಾಟಿದ ಮೇಲೆ, “ನಿಂದು ಹಚ್ಚು,” ಅಂದ. ಆರನೇ ಟ್ರ್ಯಾಕ್ ಹಾಕಿದೆ. ಅವನ ದನಿ, ನನ್ನ ಗಿಟಾರ್. ಅವನ ದನಿ, ನನ್ನ ಗಿಟಾರ್. ಮೂರನೇ ಸಲ ಅವನ ದನಿ ಇಳಿದು ನಿಂತಾಗ, “ಸಾಕು, ನಿಲ್ಲಸು,” ಅಂದ.

ನಿಲ್ಲಿಸಿದೆ. ಉಳಿದ ಹದಿಮೂರನ್ನು ಇವತ್ತಿನ ತನಕ ನಾನು ಕೇಳಿಲ್ಲ.